ಮರುಕಳಿಸುವ ಭೇದಿಗೆ ಮಲಾಣು ಕಸಿ: ರೋಗ ಖಚಿತವೇ, ದಾನಿ ಯಾರು?

ಆಂಟಿಬಯಾಟಿಕ್ ಕೋರ್ಸು ಮುಗಿದ ವಾರದಲ್ಲೋ ಹದಿನೈದು ದಿನದಲ್ಲೋ ಭೇದಿ ಶುರುವಾದರೆ ನಮ್ಮ ಮನೆಗಳಲ್ಲಿ ಮೊದಲು ದೂರು ಹೋಗುವುದು ಹೋಟೆಲ್ ಊಟದ ಮೇಲೆ, ಇಲ್ಲವೇ ನೀರಿನ ಮೇಲೆ. ಮೆಡಿಕಲ್ ಶಾಪಿನಲ್ಲಿ ಹೇಳಿಕೊಂಡರೆ ನಾರ್‌ಫ್ಲಾಕ್ಸಾಸಿನ್–ಟಿನಿಡಜೋಲ್ ಅಥವಾ ಆಫ್ಲಾಕ್ಸಾಸಿನ್–ಆರ್ನಿಡಜೋಲ್ ಜೋಡಿಮಾತ್ರೆಯ ಸ್ಟ್ರಿಪ್ ಒಂದು ಕೈಗೆ ಬರುತ್ತದೆ. ವಿಶಾಖಪಟ್ಟಣದ ಋಷಿಕೊಂಡದಲ್ಲೂ ಹೀಗೆಯೇ, ವಿಜಯವಾಡದಲ್ಲೂ ಹೀಗೆಯೇ, ಬೆಂಗಳೂರು ಹುಬ್ಬಳ್ಳಿಗಳಲ್ಲೂ ಬೇರೆಯಲ್ಲ. ಆಂಟಿಬಯಾಟಿಕ್ ತಂದಿಟ್ಟ ಭೇದಿಗೆ ಮತ್ತೊಂದು ಆಂಟಿಬಯಾಟಿಕ್ ಔಷಧವಾಗುತ್ತದೆ. ಹೆಚ್ಚಿನವರಲ್ಲಿ ಈ ಭೇದಿ ತಾನಾಗಿಯೇ ನಿಲ್ಲುತ್ತದೆ, ನಿಲ್ಲಿಸಿದ ಕೀರ್ತಿ ಮಾತ್ರೆಗೆ ಸಲ್ಲುತ್ತದೆ. ಆದರೆ ಕೆಲವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ ಮತ್ತು ಆಸ್ಪತ್ರೆಯಲ್ಲಿ ಮಲಗಿ ಬಂದವರಲ್ಲಿ, ಅದು ನಿಂತಂತೆ ಮಾಡಿ ಮತ್ತೆ ಬರುತ್ತದೆ, ಔಷಧ ನಿಲ್ಲಿಸಿದಾಗಲೆಲ್ಲ ಬರುತ್ತದೆ. ಹೀಗೆ ಮರುಕಳಿಸುವ ಒಂದು ನಿರ್ದಿಷ್ಟ ಸೋಂಕಿಗೆ ಆರೋಗ್ಯವಂತರ ಮಲದಿಂದ ತೆಗೆದ ಸೂಕ್ಷ್ಮಾಣುಗಳನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆಯಿದೆ. ವೈದ್ಯರು ಇದನ್ನು ಎಫ್‌ಎಂಟಿ ಎನ್ನುತ್ತಾರೆ, ಇಲ್ಲಿ ಮಲಾಣು ಕಸಿ ಎನ್ನೋಣ. ಈ ಹೆಸರು ಕಿವಿಗೆ ಬಿದ್ದೊಡನೆ ಒಬ್ಬರು ಮುಖ ತಿರುಗಿಸುತ್ತಾರೆ, ಮತ್ತೊಬ್ಬರು ಸಕಲ ರೋಗಕ್ಕೂ ಇದೇ ಮದ್ದೆಂದು ಇಂಟರ್ನೆಟ್ಟಿನಲ್ಲಿ ಹುಡುಕತೊಡಗುತ್ತಾರೆ. ಇಬ್ಬರೂ ಕೇಳದೆ ಬಿಡುವ ಪ್ರಶ್ನೆಗಳು ಎರಡಿವೆ. ರೋಗ ನಿಜಕ್ಕೂ ಅದೇ ಎಂದು ಖಚಿತವಾಗಿದೆಯೇ? ಕೊಡುವವರ ಕರುಳಿನಲ್ಲಿ ಏನೇನಿದೆ ಎಂದು ನೋಡಿದ್ದಾರೆಯೇ? ಭಾರತದಲ್ಲಿ ಈ ಎರಡನೆಯ ಪ್ರಶ್ನೆಯ ತೂಕ ಯುರೋಪ್ ಅಮೆರಿಕಗಳಿಗಿಂತ ಹೆಚ್ಚು ಎಂಬುದೇ ಈ ಲೇಖನದ ವಾದ.

ಸೋಂಕಿನ ಹೆಸರು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್, ಆಸ್ಪತ್ರೆಯ ಮಾತಿನಲ್ಲಿ ಸಿ. ಡಿಫ್. 1935ರಲ್ಲೇ ನವಜಾತ ಶಿಶುಗಳ ಮಲದಲ್ಲಿ ಈ ಬ್ಯಾಕ್ಟೀರಿಯಾ ಕಂಡಿತ್ತು. ಆಂಟಿಬಯಾಟಿಕ್ ನಂತರ ಬರುವ ಭೀಕರ ಕರುಳುರಿತಕ್ಕೆ ಇದೇ ಕಾರಣ ಎಂದು ಖಚಿತವಾದದ್ದು 1978ರ ಹೊತ್ತಿಗೆ. ನಡುವಿನ ಕಾಲದ ಕಥೆಗೆ ಆಂಧ್ರದ ನಂಟೊಂದಿದೆ. ಪಶ್ಚಿಮ ಗೋದಾವರಿಯ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಯನ್ನು ಮುನ್ನಡೆಸುತ್ತಿದ್ದಾಗ ಅಲ್ಲಿಯೇ ಬೆಂಜಮಿನ್ ಡಗ್ಗರ್ ಆರಿಯೋಮೈಸಿನ್ ಕಂಡುಹಿಡಿದರು. 1948ರಲ್ಲಿ ಲೋಕಕ್ಕೆ ತಿಳಿದ ಈ ಔಷಧವೇ ಟೆಟ್ರಾಸೈಕ್ಲಿನ್ ಕುಲದ ಮೊದಲನೆಯದು. ಹಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ಒಟ್ಟಿಗೇ ಹೊಡೆಯುವ ಶಕ್ತಿಯಿಂದ ಆ ಕುಲ ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಲವು ಜಾತಿಗಳನ್ನು ಹೊಡೆಯುವ ಔಷಧ ಕರುಳಿನಲ್ಲಿ ನಮಗೆ ಬೇಕಾದ ಜಾತಿಗಳನ್ನೂ ಬಿಡುವುದಿಲ್ಲ. ಇಂಥ ಔಷಧಗಳು ಬಳಕೆಗೆ ಬಂದ ಹತ್ತೇ ವರ್ಷದಲ್ಲಿ, 1958ರಲ್ಲಿ, ಕೊಲರಾಡೋದ ಡೆನ್ವರ್‌ನ ಶಸ್ತ್ರವೈದ್ಯ ಬೆನ್ ಐಸ್‌ಮನ್ ಮತ್ತು ಸಂಗಡಿಗರು ಆಂಟಿಬಯಾಟಿಕ್ ನಂತರದ ಕರುಳುರಿತದಿಂದ ಸಾವಿನ ಅಂಚು ತಲುಪಿದ್ದವರಿಗೆ ಆರೋಗ್ಯವಂತರ ಮಲದ ದ್ರಾವಣವನ್ನು ಎನಿಮಾ ಮೂಲಕ ಕೊಟ್ಟರು. ನಾಲ್ಕೂ ರೋಗಿಗಳು ಗುಣವಾದರು. ಚೀನಾದ ಗೆ ಹಾಂಗ್ ಎಂಬ ವೈದ್ಯ ನಾಲ್ಕನೆಯ ಶತಮಾನದಲ್ಲೇ ತೀವ್ರ ಭೇದಿಗೆ ಇಂಥದ್ದನ್ನೇ ಬರೆದಿಟ್ಟಿದ್ದ. ಆದರೆ ಹಳೆಯದು ಎಂಬ ಕಾರಣಕ್ಕೆ ಚಿಕಿತ್ಸೆಯೊಂದು ನಂಬಿಕೆಗೆ ಅರ್ಹವಾಗುವುದಿಲ್ಲ. ನಾಲ್ಕು ರೋಗಿಗಳ ವರದಿಯೂ ಸಾಲದು.

ಸಾಲುವಂಥ ಪುರಾವೆ ಬಂದದ್ದು 2013ರಲ್ಲಿ, ಆಮ್‌ಸ್ಟರ್‌ಡ್ಯಾಮಿನಿಂದ. ಸಿ. ಡಿಫ್ ಮರುಕಳಿಸಿದವರನ್ನು ಮೂರು ಗುಂಪು ಮಾಡಿ ಹೋಲಿಸಿದರು. ವಾಂಕೊಮೈಸಿನ್ ಮಾತ್ರ ಪಡೆದ 13 ಮಂದಿಯಲ್ಲಿ 4 ಮಂದಿಗೆ, ವಾಂಕೊಮೈಸಿನ್ ಜೊತೆ ಕರುಳು ತೊಳೆಸಿಕೊಂಡ 13 ಮಂದಿಯಲ್ಲಿ 3 ಮಂದಿಗೆ ಗುಣವಾಯಿತು. ದಾನಿಯ ಮಲದ ದ್ರಾವಣವನ್ನು ಮೂಗಿನ ಕೊಳವೆಯಿಂದ ಸಣ್ಣಕರುಳಿಗೆ ಪಡೆದ 16 ಮಂದಿಯಲ್ಲಿ ಒಂದೇ ಸಲಕ್ಕೆ 13 ಮಂದಿ ಗುಣವಾದರು, ಉಳಿದವರಿಗೆ ಬೇರೊಬ್ಬ ದಾನಿಯಿಂದ ಎರಡನೆಯ ಸಲ ಕೊಟ್ಟ ಮೇಲೆ ಒಟ್ಟು 15. ಅಂತರ ಇಷ್ಟು ದೊಡ್ಡದಾದ್ದರಿಂದ ಪ್ರಯೋಗವನ್ನು ನಡುವೆಯೇ ನಿಲ್ಲಿಸಿದರು. ಕಸಿ ಪಡೆಯದವರಿಗೆ ಅದನ್ನು ತಪ್ಪಿಸುವುದೇ ಅನ್ಯಾಯವೆನ್ನಿಸುವಂತಿತ್ತು. ಹೆಪ್ಪುಗಟ್ಟಿಸಿಟ್ಟ ದ್ರಾವಣವೂ ತಾಜಾದಷ್ಟೇ ಫಲ ಕೊಡುತ್ತದೆಂದು 2016ರಲ್ಲಿ, ಬಾಯಿಂದ ನುಂಗುವ ಕ್ಯಾಪ್ಸೂಲ್ ಕೂಡ ಕೊಲೊನೋಸ್ಕೋಪಿಗೆ ಸಮ ಎಂದು 2017ರಲ್ಲಿ ಕೆನಡಾದ ಪ್ರಯೋಗಗಳು ತೋರಿಸಿದವು. ಇಂಗ್ಲೆಂಡಿನ ನೈಸ್ ಸಂಸ್ಥೆ 2022ರಲ್ಲಿ, ಹಿಂದೆ ಎರಡು ಅಥವಾ ಹೆಚ್ಚು ಸಲ ಸೋಂಕು ಖಚಿತವಾಗಿದ್ದ ವಯಸ್ಕರಿಗೆ ಈ ಕಸಿಯನ್ನು ಶಿಫಾರಸು ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕ ರೆಬಯೋಟ ಎಂಬ ಎನಿಮಾ ರೂಪದ ಸಿದ್ಧ ಔಷಧಕ್ಕೆ, 2023ರ ಏಪ್ರಿಲಿನಲ್ಲಿ ವೌಸ್ಟ್ ಎಂಬ ಕ್ಯಾಪ್ಸೂಲಿಗೆ ಅನುಮತಿ ಕೊಟ್ಟಿತು. ವೌಸ್ಟ್‌ನ ಪ್ರಯೋಗದಲ್ಲಿ ಎಂಟು ವಾರದೊಳಗೆ ಸೋಂಕು ಮರುಕಳಿಸಿದ್ದು ಶೇ. 12 ಮಂದಿಗೆ, ಸುಳ್ಳುಮಾತ್ರೆ ಪಡೆದವರಲ್ಲಿ ಶೇ. 40 ಮಂದಿಗೆ.

ಹೀಗೇಕೆ ಆಗುತ್ತದೆ ಎಂದು ತಿಳಿದರೆ ಈ ಚಿಕಿತ್ಸೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದೂ ತಿಳಿಯುತ್ತದೆ. ಸಿ. ಡಿಫ್ ಕಷ್ಟಕಾಲದಲ್ಲಿ ಗಟ್ಟಿ ಕವಚದ ಬೀಜಾಣುವಾಗಿ ಸುಮ್ಮನೆ ಕೂರುತ್ತದೆ. ಪಿತ್ತಕೋಶದಿಂದ ಬರುವ ಮೂಲ ಪಿತ್ತಾಮ್ಲಗಳು ಆ ಬೀಜಾಣುವನ್ನು ಮೊಳೆಯಿಸುತ್ತವೆ. ಆರೋಗ್ಯವಾಗಿರುವ ದೊಡ್ಡಕರುಳಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಈ ಆಮ್ಲಗಳನ್ನು ಬೇರೆ ರೂಪಕ್ಕೆ ತಿರುಗಿಸುತ್ತವೆ, ತಿರುಗಿದ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಕ್ಲಿಂಡಾಮೈಸಿನ್, ಸೆಫಲೋಸ್ಪೊರಿನ್, ಸಿಪ್ರೊಫ್ಲಾಕ್ಸಾಸಿನ್ ಕುಲದ ಔಷಧಗಳು ಈ ಕಾವಲಿನ ಬ್ಯಾಕ್ಟೀರಿಯಾಗಳನ್ನು ಅಳಿಸಿದಾಗ ಉತ್ತ ಹೊಲದಲ್ಲಿ ಪೈರಿಗಿಂತ ಮೊದಲು ಕಳೆ ಏಳುವಂತೆ ಸಿ. ಡಿಫ್ ಏಳುತ್ತದೆ, ಎ ಮತ್ತು ಬಿ ಎಂಬ ವಿಷಗಳನ್ನು ಬಿಟ್ಟು ಕರುಳಿನ ಒಳಪದರ ಕೆಡಿಸುತ್ತದೆ. ವಾಂಕೊಮೈಸಿನ್ ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಬೀಜಾಣುವನ್ನು ಮುಟ್ಟುವುದಿಲ್ಲ, ಜೊತೆಗೆ ತಲೆಯೆತ್ತುತ್ತಿರುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಮತ್ತೆ ಕೆಡವುತ್ತದೆ. ಮೊದಲ ಸಲ ಗುಣವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಸೋಂಕು ಮರುಕಳಿಸುತ್ತದೆ, ಒಮ್ಮೆ ಮರುಕಳಿಸಿದವರಿಗೆ ಇನ್ನೊಮ್ಮೆ ಮರುಕಳಿಸುವ ಸಂಭವ ಶೇ. 40ರ ಆಸುಪಾಸಿಗೆ ಏರುತ್ತದೆ. ಕಾರಣ ಇದೇ. ಈ ರೋಗದಲ್ಲಿ ಕೊರತೆ ಇರುವುದು ಔಷಧದ್ದಲ್ಲ, ಕಳೆದುಹೋದ ಸೂಕ್ಷ್ಮಾಣು ಸಮುದಾಯದ್ದು. ಕಳೆದುಹೋದದ್ದನ್ನೇ ಮರಳಿ ತುಂಬುವುದರಿಂದ ಕಸಿ ಫಲಿಸುತ್ತದೆ.

ಹಾಗಾದರೆ ಮೊಸರು ಮಜ್ಜಿಗೆ ಸಾಲದೇ, ಪ್ರೊಬಯಾಟಿಕ್ ಪುಡಿ ಸಾಲದೇ ಎಂದು ಕೇಳುವವರಿಗೆ ನೇರ ಉತ್ತರವಿದೆ: ಸಾಲದು. ಮೊಸರಿನ ಬ್ಯಾಕ್ಟೀರಿಯಾಗಳು ದೊಡ್ಡಕರುಳಿನ ಖಾಯಂ ನಿವಾಸಿಗಳಲ್ಲ, ಮೇಲೆ ಹೇಳಿದ ಪಿತ್ತಾಮ್ಲದ ಕೆಲಸವೂ ಅವುಗಳದಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಂಟಿಬಯಾಟಿಕ್ ಪಡೆದ ಆರೋಗ್ಯವಂತರಲ್ಲಿ ಪ್ರೊಬಯಾಟಿಕ್ ನುಂಗಿದವರ ಸಹಜ ಸೂಕ್ಷ್ಮಾಣು ಸಮುದಾಯ ಚೇತರಿಸಿಕೊಂಡದ್ದು ಏನೂ ನುಂಗದವರಿಗಿಂತ ತಡವಾಗಿ. ಆಂಟಿಬಯಾಟಿಕ್‌ಗೆ ಮುಂಚೆ ತೆಗೆದಿಟ್ಟ ತಮ್ಮದೇ ಮಲದ ದ್ರಾವಣವನ್ನು ಮರಳಿ ಪಡೆದವರದು ಕೆಲವೇ ದಿನಗಳಲ್ಲಿ ಚೇತರಿಸಿತು. ಮಜ್ಜಿಗೆ ಕುಡಿಯಿರಿ, ದೇಹಕ್ಕೆ ನೀರು ಉಪ್ಪು ಹೋಗುತ್ತದೆ. ಅದನ್ನೇ ಸಿ. ಡಿಫ್‌ಗೆ ಚಿಕಿತ್ಸೆ ಎಂದು ನೆಚ್ಚಿ ವಾರಗಟ್ಟಲೆ ಕಾಯಬೇಡಿ.

ಇನ್ನು ರೋಗ ಖಚಿತಪಡಿಸಿಕೊಳ್ಳುವ ಮಾತು. ಒಂದೇ ದಿನದಲ್ಲಿ ಮೂರು ಅಥವಾ ಹೆಚ್ಚು ಸಲ ನೀರುನೀರಾಗಿ ಹೋಗುತ್ತಿದ್ದರೆ, ಕಳೆದ ಎರಡು ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿದ್ದರೆ ಅಥವಾ ಆಸ್ಪತ್ರೆಯಲ್ಲಿದ್ದರೆ ಸಿ. ಡಿಫ್ ಪರೀಕ್ಷೆ ಮಾಡಿಸಿ ಎಂದು ನೀವೇ ಬಾಯಿಬಿಟ್ಟು ಕೇಳಬೇಕು. ಸಾಮಾನ್ಯ ಮಲ ಪರೀಕ್ಷೆಯಲ್ಲಾಗಲಿ, ಮಾಮೂಲಿ ಕಲ್ಚರಿನಲ್ಲಾಗಲಿ ಇದು ಕಾಣುವುದಿಲ್ಲ. ಕೇಳಬೇಕಾದದ್ದು ಜಿಡಿಎಚ್ ಮತ್ತು ಟಾಕ್ಸಿನ್ ಪರೀಕ್ಷೆ, ಅವೆರಡು ಒಂದಕ್ಕೊಂದು ತಾಳೆಯಾಗದಿದ್ದರೆ ಪಿಸಿಆರ್. ಋಷಿಕೊಂಡದ ಗೀತಂ, ವಿಶಾಖಪಟ್ಟಣ ನಗರದೊಳಗಿನ ಕೆ.ಜಿ.ಎಚ್., ವಿಜಯವಾಡದ ಸಿದ್ಧಾರ್ಥ ಇಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿಗೆ ಹೋದಾಗ ಸೂಕ್ಷ್ಮಾಣುಶಾಸ್ತ್ರ ವಿಭಾಗದಲ್ಲಿ ಈ ಹೆಸರುಗಳನ್ನೇ ಹೇಳಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಮಾದರಿಯನ್ನು ಎಲ್ಲಿಗೆ ಕಳಿಸುತ್ತಾರೆಂದು ಕೇಳಿ. ಮಾದರಿ ನೀರಾಗಿಯೇ ಇರಬೇಕು, ಗಟ್ಟಿ ಮಲ ಪರೀಕ್ಷಿಸಿ ಉಪಯೋಗವಿಲ್ಲ. ಪಿಸಿಆರ್ ಒಂದೇ ಪಾಸಿಟಿವ್ ಬಂದರೆ ಆತುರ ಬೇಡ. ಆ ಪರೀಕ್ಷೆ ವಿಷ ಉಂಟುಮಾಡುವ ಜೀನನ್ನು ಹಿಡಿಯುತ್ತದೆ, ವಿಷವನ್ನಲ್ಲ. ಸಿ. ಡಿಫ್ ಕರುಳಿನಲ್ಲಿದ್ದೂ ಯಾವ ತೊಂದರೆಯೂ ಇಲ್ಲದವರು ಇದ್ದಾರೆ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಹೀಗಿರುವುದು ಮಾಮೂಲು, ಆದ್ದರಿಂದ ಕೂಸಿನ ಭೇದಿಗೆ ಈ ಪರೀಕ್ಷೆ ಬೇಡವೇ ಬೇಡ. ನಮ್ಮ ದೇಶದಲ್ಲಿ ಸಿ. ಡಿಫ್ ಅಪರೂಪ, ಇಷ್ಟೆಲ್ಲ ಏಕೆ ಎನ್ನುವ ಮಾತೂ ಕೇಳಿಬರುತ್ತದೆ. ಆದರೆ ದೆಹಲಿ, ವೆಲ್ಲೂರು, ಚಂಡೀಗಢಗಳ ದೊಡ್ಡ ಆಸ್ಪತ್ರೆಗಳು ಹುಡುಕಿದಾಗ ಅದು ಕಂಡಿದೆ. ಹುಡುಕದ ಕಡೆ ಕಾಣದಿರುವುದನ್ನು ಇಲ್ಲದಿರುವುದೆಂದು ಎಣಿಸಲಾಗದು. ಜೊತೆಗೆ ಅಮೀಬಾ, ಕರುಳಿನ ಕ್ಷಯ, ಅಲ್ಸರೇಟಿವ್ ಕೊಲೈಟಿಸ್, ಐಬಿಎಸ್ ಇವುಗಳಲ್ಲೂ ಭೇದಿ ಮತ್ತೆ ಮತ್ತೆ ಬರುತ್ತದೆ. ಇವುಗಳಲ್ಲಿ ಯಾವುದೋ ಒಂದಿದ್ದು ಸಿ. ಡಿಫ್ ಎಂದು ಕಸಿ ಮಾಡಿಸಿಕೊಂಡರೆ ಹಣವೂ ಹೋಯಿತು, ಕಾಲವೂ ಹೋಯಿತು.

ಸಿ. ಡಿಫ್ ಎಂದು ಖಚಿತವಾದ ಮೇಲೂ ಮೊದಲ ಹೆಜ್ಜೆ ಕಸಿಯಲ್ಲ. ಸಾಧ್ಯವಿದ್ದರೆ ಭೇದಿಗೆ ಕಾರಣವಾದ ಆಂಟಿಬಯಾಟಿಕ್ ನಿಲ್ಲಬೇಕು, ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ನುಂಗುತ್ತಿರುವ ಪ್ಯಾಂಟೊಪ್ರಜೋಲ್ ಬಗೆಯ ಮಾತ್ರೆ ಬೇಕೇ ಎಂದು ವೈದ್ಯರು ಮರುಪರಿಶೀಲಿಸಬೇಕು. ಆಮೇಲೆ ವಾಂಕೊಮೈಸಿನ್ 125 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲ, ಹತ್ತು ದಿನ. ಇದನ್ನು ಬಾಯಿಂದಲೇ ಕೊಡಬೇಕು. ರಕ್ತನಾಳಕ್ಕೆ ಕೊಟ್ಟ ವಾಂಕೊಮೈಸಿನ್ ಕರುಳಿನೊಳಗೆ ಇಳಿಯುವುದಿಲ್ಲ ಎಂಬ ಸಣ್ಣ ಸಂಗತಿ ಮರೆತರೆ ಹತ್ತು ದಿನದ ಚಿಕಿತ್ಸೆ ವ್ಯರ್ಥ. ಮೊದಲ ಸಲ ಮರುಕಳಿಸಿದಾಗ ಇದೇ ಔಷಧವನ್ನು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತ ಕೊಡುವ ಕ್ರಮವೂ ಇದೆ. ಎರಡನೆಯ ಸಲ ಮರುಕಳಿಸಿದಾಗ ಕಸಿಯ ಮಾತೆತ್ತುವುದು ಸರಿಯಾದ ಹೊತ್ತು. ನಡುವೆ ಯಾವಾಗಲಾದರೂ ಹೊಟ್ಟೆ ಉಬ್ಬಿ ನೋವು ಹೆಚ್ಚಿ, ಜ್ವರ ಏರಿ, ಭೇದಿ ತಟ್ಟನೆ ನಿಂತುಹೋದರೆ ಅದನ್ನು ಗುಣವೆಂದು ತಿಳಿಯಬೇಡಿ. ಕರುಳು ಹಿಗ್ಗಿ ಕೆಲಸ ನಿಲ್ಲಿಸಿರಬಹುದು, ಆ ಗಳಿಗೆಯಲ್ಲಿ ತುರ್ತು ವಿಭಾಗಕ್ಕೇ ಹೋಗಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ತೆಗೆದುಕೊಳ್ಳುವುದೂ ಬೇಡ.

ಅಸಹ್ಯದ ಆಕ್ಷೇಪಕ್ಕೆ ಚಿಕಿತ್ಸೆಯ ವಿವರವೇ ಸಮಾಧಾನ. ದಾನಿಯ ಸುಮಾರು 50 ಗ್ರಾಂ ಮಲವನ್ನು ಸಲೈನ್ ನೀರಿನಲ್ಲಿ ಕದಡಿ, ಸೋಸಿ, ಹೆಪ್ಪುಗಟ್ಟಿಸಿದಾಗ ಬ್ಯಾಕ್ಟೀರಿಯಾ ಸಾಯದಂತೆ ಗ್ಲಿಸರಾಲ್ ಬೆರೆಸಿ, ಮೈನಸ್ 80 ಡಿಗ್ರಿಯ ಫ್ರೀಜರಿನಲ್ಲಿ ಇಡುತ್ತಾರೆ. ರೋಗಿ ಒಂದೆರಡು ದಿನ ಮೊದಲು ವಾಂಕೊಮೈಸಿನ್ ನಿಲ್ಲಿಸಿ, ಹಿಂದಿನ ದಿನ ಕೊಲೊನೋಸ್ಕೋಪಿಗೆ ಮಾಡುವಂತೆಯೇ ಪುಡಿ ಕದಡಿದ ನೀರು ಕುಡಿದು ಕರುಳು ಖಾಲಿ ಮಾಡಿಕೊಳ್ಳುತ್ತಾರೆ. ಮರುದಿನ ಅರೆಮಂಪರಿನಲ್ಲಿ ಮಲಗಿರುವಾಗ ಕೊಲೊನೋಸ್ಕೋಪಿನ ನಳಿಗೆಯಿಂದ ದ್ರಾವಣವನ್ನು ದೊಡ್ಡಕರುಳಿನ ಆರಂಭದ ಭಾಗಕ್ಕೆ ಬಿಡುತ್ತಾರೆ. ಎಚ್ಚರವಾದ ಮೇಲೆ ಕೆಲವು ಗಂಟೆ ಶೌಚಕ್ಕೆ ಹೋಗದೆ ತಡೆದುಕೊಳ್ಳಬೇಕು. ರೋಗಿ ಏನನ್ನೂ ನೋಡುವುದಿಲ್ಲ, ಯಾವ ವಾಸನೆಯೂ ಬರುವುದಿಲ್ಲ. ಒಂದೆರಡು ದಿನ ಹೊಟ್ಟೆ ಗುಡುಗುಡು ಎನ್ನುವುದು, ಗಾಳಿ, ಸಣ್ಣ ನೋವು ಸಾಮಾನ್ಯ. ಮಡಿ ಮೈಲಿಗೆಯ ಸಂಸ್ಕಾರದಲ್ಲಿ ಬೆಳೆದ ಹಿರಿಯರಿಗೆ ಈ ಮಾತು ಕಷ್ಟವಾಗುವುದು ನಿಜ, ಅವರ ಸಂಕೋಚವನ್ನು ಲಘುವಾಗಿ ಕಾಣಬಾರದು. ಆದರೆ ತಿಂಗಳುಗಟ್ಟಲೆ ದಿನಕ್ಕೆ ಹತ್ತು ಸಲ ಶೌಚಾಲಯಕ್ಕೆ ಓಡಿ, ಡಯಪರ್ ಕಟ್ಟಿಕೊಂಡು, ಮನೆಯವರ ಮುಂದೆ ಕುಗ್ಗಿಹೋದ ಹಿರಿಯರ ಮಾನಕ್ಕೆ ಈ ಚಿಕಿತ್ಸೆಯಿಂದ ಕುಂದು ಬರುವುದಿಲ್ಲ, ಕಳೆದ ಮಾನವೇ ಮರಳುತ್ತದೆ ಎಂದು ಮನೆಯವರು ಪ್ರೀತಿಯಿಂದ ತಿಳಿಹೇಳಬೇಕು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ದಾನಿಯ ಪ್ರಶ್ನೆ. 2019ರಲ್ಲಿ ಅಮೆರಿಕದಲ್ಲಿ, ಪ್ರಯೋಗಗಳಿಗಾಗಿ ತಯಾರಿಸಿಟ್ಟಿದ್ದ ಕ್ಯಾಪ್ಸೂಲುಗಳಿಂದ ಇಬ್ಬರು ರೋಗಿಗಳಿಗೆ ಔಷಧಕ್ಕೆ ಬಗ್ಗದ ಇ. ಕೋಲೈ ರಕ್ತಕ್ಕೆ ಸೇರಿತು, ಒಬ್ಬರು ತೀರಿಕೊಂಡರು. ಇಬ್ಬರಿಗೂ ಕೊಟ್ಟ ಕ್ಯಾಪ್ಸೂಲುಗಳು ಒಬ್ಬನೇ ದಾನಿಯವು. ಆ ಬ್ಯಾಕ್ಟೀರಿಯಾವನ್ನು ಹುಡುಕುವ ಪರೀಕ್ಷೆ ಆ ಮಾದರಿಗಳಿಗೆ ಆಗಿರಲಿಲ್ಲ. ಇಬ್ಬರೂ ಕಸಿ ಪಡೆದದ್ದು ಸಿ. ಡಿಫ್‌ಗಾಗಿ ಅಲ್ಲ, ಬೇರೆ ಕಾಯಿಲೆಗಳ ಪ್ರಯೋಗದಲ್ಲಿ ಎಂಬುದನ್ನೂ ಗಮನಿಸಬೇಕು. ಆ ಬ್ಯಾಕ್ಟೀರಿಯಾ ಇಎಸ್‌ಬಿಎಲ್ ಎಂಬ ಕಿಣ್ವದಿಂದ ಸೆಫ್ಟ್ರಿಯಾಕ್ಸೋನ್‌ನಂಥ ಔಷಧಗಳನ್ನು ಒಡೆದುಹಾಕುವ ಜಾತಿಯದು. ಈಗ ನಮ್ಮ ಕಡೆಗೆ ಬನ್ನಿ. ನೆದರ್ಲೆಂಡ್ಸ್‌ನ ಸುಮಾರು ಎರಡು ಸಾವಿರ ಪ್ರವಾಸಿಗರನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾಕ್ಕೆ ಹೋಗಿ ಮರಳಿದವರಲ್ಲಿ ಮುಕ್ಕಾಲು ಪಾಲು ಮಂದಿಯ ಕರುಳಿನಲ್ಲಿ ಇಂಥ ಬ್ಯಾಕ್ಟೀರಿಯಾ ಹೊಸದಾಗಿ ನೆಲೆಸಿತ್ತು. ಕೆಲವು ದಿನ ಬಂದುಹೋದವರ ಕಥೆಯೇ ಹೀಗಾದರೆ ಇಲ್ಲೇ ಹುಟ್ಟಿ ಬೆಳೆದವರದು ಊಹಿಸಬಹುದು. ಭಾರತದಲ್ಲಿ ಆರೋಗ್ಯವಂತರನ್ನು ಪರೀಕ್ಷಿಸಿದ ಕೆಲವು ಅಧ್ಯಯನಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ಇವು ಸಿಕ್ಕಿವೆ. ನೋಡಲು ಗಟ್ಟಿಮುಟ್ಟಾಗಿರುವ, ಒಂದು ದಿನವೂ ಮಲಗದ ತಮ್ಮನೋ ಮಗನೋ ಇಂಥ ಬ್ಯಾಕ್ಟೀರಿಯಾ ಹೊತ್ತಿರಬಹುದು. ಅವನಿಗೆ ಅದರಿಂದ ಏನೂ ಆಗದು, ಕಿಮೋಥೆರಪಿಯಲ್ಲೋ ಸ್ಟೀರಾಯ್ಡ್ ಮೇಲೋ ಇರುವ ಅಪ್ಪನಿಗೆ ಅದೇ ಮಾರಕವಾದೀತು.

ಆದ್ದರಿಂದ ಮನೆಯಲ್ಲೇ ಮಿಕ್ಸಿಯಲ್ಲಿ ಕದಡಿ ಎನಿಮಾ ಕೊಟ್ಟುಕೊಳ್ಳುವ ವಿಡಿಯೋಗಳನ್ನು ನೋಡಿ ಯಾರೂ ಆ ಸಾಹಸಕ್ಕೆ ಇಳಿಯಬಾರದು. ಮನೆಯವರದೇ ಆದರೆ ಅಪಾಯವಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಕಸಿ ಮಾಡುತ್ತೇವೆ ಎನ್ನುವ ಆಸ್ಪತ್ರೆಯನ್ನು ಕೇಳಿ: ದಾನಿ ಕಳೆದ ಮೂರು ತಿಂಗಳಲ್ಲಿ ಆಂಟಿಬಯಾಟಿಕ್ ತೆಗೆದುಕೊಂಡಿಲ್ಲವೆಂದು ವಿಚಾರಿಸಿದ್ದೀರಾ? ಎಚ್‌ಐವಿ, ಹೆಪಟೈಟಿಸ್ ಎ, ಬಿ, ಸಿ, ಸಿಫಿಲಿಸ್ ರಕ್ತಪರೀಕ್ಷೆ ಆಗಿದೆಯೇ? ಮಲದಲ್ಲಿ ಸಾಲ್ಮೊನೆಲ್ಲಾ, ಶಿಗೆಲ್ಲಾ, ಸಿ. ಡಿಫ್, ಹುಳು, ಅಮೀಬಾ, ಜಿಯಾರ್ಡಿಯಾ ನೋಡಿದ್ದೀರಾ? ಕೊನೆಯದಾಗಿ, ಇಎಸ್‌ಬಿಎಲ್ ಮತ್ತು ಕಾರ್ಬಪೆನೆಮ್‌ಗೂ ಬಗ್ಗದ ಬ್ಯಾಕ್ಟೀರಿಯಾಗಳ ಪರೀಕ್ಷೆ ಆಗಿದೆಯೇ, ವರದಿಯ ದಿನಾಂಕ ಯಾವುದು? ಹಾರಿಕೆಯ ಉತ್ತರ ಬಂದರೆ ಬೇರೆ ಆಸ್ಪತ್ರೆ ನೋಡಿ. ಇಷ್ಟು ಜರಡಿ ಹಿಡಿದರೆ ನಮ್ಮಲ್ಲಿ ದಾನಿಗಳೇ ಸಿಗುವುದಿಲ್ಲ, ಚಿಕಿತ್ಸೆ ಬಡವರ ಕೈಗೆಟುಕುವುದಿಲ್ಲ ಎನ್ನುವ ಆಕ್ಷೇಪ ಸುಳ್ಳಲ್ಲ. ವೌಸ್ಟ್‌ನ ಒಂದು ಕೋರ್ಸಿಗೆ ಅಮೆರಿಕದಲ್ಲಿ ಇಟ್ಟ ಬೆಲೆ 17,500 ಡಾಲರ್. ಆದರೆ ಇದಕ್ಕೆ ಪರಿಹಾರ ಜರಡಿಯ ಕಣ್ಣು ದೊಡ್ಡದು ಮಾಡುವುದಲ್ಲ. ಒಬ್ಬ ಯೋಗ್ಯ ದಾನಿಯಿಂದ ಹಲವು ರೋಗಿಗಳಿಗೆ ದ್ರಾವಣ ತಯಾರಿಸಿ ಹೆಪ್ಪುಗಟ್ಟಿಸಿ ಇಡಬಹುದು, ಪರೀಕ್ಷೆಯ ಖರ್ಚು ಅಷ್ಟೂ ಮಂದಿಗೆ ಹಂಚಿಹೋಗುತ್ತದೆ. ರಕ್ತನಿಧಿಯಂತೆ ಇದನ್ನೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ವಲಯಕ್ಕೊಂದರಂತೆ ನಡೆಸುವುದು ಸಾಧ್ಯವಿರುವ ಕೆಲಸ.

ಕ್ಯಾಪ್ಸೂಲಿನ ಪ್ರಯೋಗಗಳೆಲ್ಲ ಗೆದ್ದಿವೆಯೇ ಎಂದು ಕೇಳಿದರೆ, ಇಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಪ್ರಯೋಗವೊಂದು ಸುಳ್ಳುಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣದೆ ಮಧ್ಯದಲ್ಲೇ ನಿಂತಿತು. ಇದನ್ನು ಮುಚ್ಚಿಡಬೇಕಿಲ್ಲ. ದಾನಿ, ಪ್ರಮಾಣ, ಕೊಡುವ ದಾರಿ, ರೋಗನಿರ್ಣಯದ ಕ್ರಮ ಇವುಗಳ ಮೇಲೆ ಫಲ ಏರಿಳಿಯುತ್ತದೆ ಎಂದೇ ಅದರ ಅರ್ಥ, ಎಲ್ಲ ಸೇರಿಸಿ ನೋಡಿದಾಗ ಹಲವು ಸಲ ಮರುಕಳಿಸಿದ ಸಿ. ಡಿಫ್‌ಗೆ ಪುರಾವೆ ಇನ್ನೂ ಬಲವಾಗಿಯೇ ಇದೆ. ಬೇರೆ ಕಾಯಿಲೆಗಳ ಮಾತು ಬೇರೆ. ದೆಹಲಿಯ ಏಮ್ಸ್ ಮತ್ತು ಲೂಧಿಯಾನದ ದಯಾನಂದ ವೈದ್ಯಕೀಯ ಕಾಲೇಜು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ, ದೆಹಲಿಯ ಐಎಲ್‌ಬಿಎಸ್ ಮದ್ಯಪಾನದಿಂದ ಕೆಟ್ಟ ಯಕೃತ್ತಿನಲ್ಲಿ ಗಮನಾರ್ಹ ಅಧ್ಯಯನ ನಡೆಸಿವೆ, ಆಸೆ ಹುಟ್ಟಿಸುವ ಫಲಿತಾಂಶವೂ ಬಂದಿದೆ. ಆದರೂ ಅವು ಸಂಶೋಧನೆಯ ಹಂತದವು. ಐಬಿಎಸ್‌ನಲ್ಲಿ ಒಂದು ಪ್ರಯೋಗ ಹೌದು ಎಂದರೆ ಇನ್ನೊಂದು ಅಲ್ಲ ಎನ್ನುತ್ತದೆ. ಬೊಜ್ಜಿಗೆ, ಆಟಿಸಮ್‌ಗೆ ಎಂದು ಹಣ ಕೇಳುವವರಿಂದ ದೂರವಿರಿ. ಸಂಶೋಧನೆಯಲ್ಲಿ ಪಾಲ್ಗೊಳ್ಳುವುದಾದರೆ ಐಸಿಎಂಆರ್ ನಡೆಸುವ ಪ್ರಯೋಗಗಳ ದಾಖಲೆಪಟ್ಟಿ ಸಿಟಿಆರ್‌ಐನ ನೋಂದಣಿ ಸಂಖ್ಯೆ ಕೇಳಿ ಪಡೆದು ಅದರ ತಾಣದಲ್ಲಿ ನೀವೇ ನೋಡಿ. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರಕ್ಕೆ 2019ರ ನಿಯಮಗಳಲ್ಲಿ ಹಕ್ಕಿದೆ.

ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಎರಡು ಮಾತು. ಸ್ಯಾನಿಟೈಸರ್ ಈ ಬೀಜಾಣುವನ್ನು ಕೊಲ್ಲುವುದಿಲ್ಲ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯುವುದೇ ದಾರಿ. ಶೌಚಾಲಯದ ಸೀಟು, ನಲ್ಲಿಯ ತಿರುಪು, ಮಗ್ಗಿನ ಹಿಡಿ, ಬಾಗಿಲ ಚಿಲಕ ಇವನ್ನು ಬ್ಲೀಚ್ ಬೆರೆಸಿದ ನೀರಿನಿಂದ ಒರೆಸಿ, ಆಗುವುದಾದರೆ ರೋಗಿಗೆ ಬೇರೆ ಶೌಚಾಲಯ ಬಿಟ್ಟುಕೊಡಿ. ಮುಂದೆ ಹಲ್ಲು ಕೀಳಿಸಲಿ, ಮೂತ್ರದ ಉರಿಗೆ ತೋರಿಸಲಿ, ಯಾವ ವೈದ್ಯರ ಬಳಿ ಹೋದರೂ ಹಿಂದೆ ಸಿ. ಡಿಫ್ ಆಗಿತ್ತು ಎಂದು ಮೊದಲೇ ಹೇಳಬೇಕು. ಫೈಲಿನ ಮೇಲ್ಪುಟದಲ್ಲೇ ಅದನ್ನು ಕೆಂಪು ಶಾಯಿಯಲ್ಲಿ ಬರೆದಿಡಿ. ಆಂಟಿಬಯಾಟಿಕ್ ಅನ್ನು ತಾವಾಗಿಯೇ ಕೊಳ್ಳುವುದೂ ಬೇಡ: ಸ್ಟ್ರಿಪ್ಪಿನ ಬೆನ್ನ ಮೇಲಿನ ಕೆಂಪು ಗೆರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧದ ಗುರುತು. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಗಳನ್ನು ಮಾರುವಾಗ ಅಂಗಡಿಯವರು ರೋಗಿಯ ಮತ್ತು ವೈದ್ಯರ ಹೆಸರನ್ನು ರಿಜಿಸ್ಟರಿನಲ್ಲಿ ಬರೆಯಲೇಬೇಕು. ಚೀಟಿ ಕೇಳುವ ಅಂಗಡಿಯವರ ಮೇಲೆ ರೇಗಬೇಡಿ.

ಕಸಿಯಾದ ಮೇಲೆ ಎಂಟು ವಾರ ನಿಗಾ ಇರಲಿ, ಮರುಕಳಿಸುವುದಾದರೆ ಬಹುತೇಕ ಆ ಅವಧಿಯಲ್ಲೇ. ಒಂದು ಸಲಕ್ಕೆ ಫಲಿಸದಿದ್ದರೆ ಎರಡನೆಯ ಸಲ ಫಲಿಸುವುದುಂಟು ಎಂಬುದು ಆಮ್‌ಸ್ಟರ್‌ಡ್ಯಾಮಿನ ಲೆಕ್ಕದಲ್ಲೇ ಇದೆ. ಆದರೆ ಭೇದಿ ನಿಂತು ಮಲ ಗಟ್ಟಿಯಾಗಿದ್ದರೆ ಗುಣವಾಯಿತೇ ಎಂದು ನೋಡಲು ಮತ್ತೆ ಪರೀಕ್ಷೆ ಮಾಡಿಸಬೇಡಿ. ಗುಣವಾದ ಮೇಲೂ ವಾರಗಟ್ಟಲೆ ವರದಿ ಪಾಸಿಟಿವ್ ಬರಬಹುದು, ಆ ಕಾಗದ ನೋಡಿ ಮತ್ತೊಂದು ಕೋರ್ಸು ಶುರುಮಾಡಿದರೆ ಕಸಿಯಿಂದ ಬಂದು ನೆಲೆಯೂರುತ್ತಿರುವ ಬ್ಯಾಕ್ಟೀರಿಯಾಗಳೇ ಮೊದಲು ಸಾಯುತ್ತವೆ.